ಸೂಲೂರಿನ ಏರ್‌ಮನ್‌ಗಳಿಗೆ: ಅಕಾಡೆಮಿ ಸೇರಲು ಮಾಡಬೇಕಾದ್ದು, ಮಾಡಬಾರದ್ದು

ಯಾರಿಗೆ ಈ ಸೂಚನೆ

ಸೂಲೂರು ವಾಯುನೆಲೆಯಲ್ಲಿ, ಅಲ್ಲಿನ 5ನೇ ಬೇಸ್ ರಿಪೇರಿ ಡಿಪೋದಲ್ಲಿ ಕೆಲಸ ಮಾಡುವ ಕನ್ನಡದ ಏರ್‌ಮನ್‌ಗಳಿಗೆ. ಕೊಯಮತ್ತೂರಿನ ಐಎನ್‌ಎಸ್ ಅಗ್ರಣಿಗೆ ತರಬೇತಿಗೆ ಬರುವ ನಮ್ಮ ಸೇಲರ್‌ಗಳಿಗೂ, ರಜೆಯಲ್ಲಿ ಊರಿಗೆ ಬರುವ ಸೈನಿಕರಿಗೂ ಇದರ ಬಹುಪಾಲು ಅನ್ವಯಿಸುತ್ತದೆ. ಕೊಯಮತ್ತೂರು, ತಿರುಪ್ಪೂರು ಕಡೆ ತಲೆಮಾರುಗಳಿಂದ ಮನೆಯೊಳಗೆ ಕನ್ನಡ ಆಡುತ್ತ ಬಂದ ದೇವಾಂಗದವರ, ಒಕ್ಕಲಿಗರ ಮನೆಗಳಿಂದ ಪಡೆಗೆ ಸೇರಿದ ಹುಡುಗರಿದ್ದಾರೆ. ಅವರು ಓದಲು ಕಲಿತ ಅಕ್ಷರ ತಮಿಳಿನದಾದರೆ ಪಕ್ಕದವರು ಓದಿ ಹೇಳಿ.

ಯಾಕೆ ಬರೆದೆ

ನಾನು ವಾಯುಪಡೆಯಲ್ಲಿ ಎಜುಕೇಶನ್ ಇನ್‌ಸ್ಟ್ರಕ್ಟರ್ ಆಗಿದ್ದವನು. ಹಿಂದೆ ಒಂದು ಯೂನಿಟ್ಟಿನಲ್ಲಿದ್ದಾಗ ಹಾವೇರಿ ಕಡೆಯ ಕಾರ್ಪೊರಲ್ ಒಬ್ಬ ಸಂಜೆ ಹೊತ್ತು ನನ್ನ ಮೇಜಿನ ಮುಂದೆ ಬಂದು ನಿಂತ. ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡು, ಪಿಯುಸಿ ಮಾರ್ಕ್ಸ್‌ಕಾರ್ಡು, ಫೋಟೊ, ತುಂಬಿದ ಅರ್ಜಿ ಎಲ್ಲ ಅದರಲ್ಲಿತ್ತು. ಅರ್ಜಿ ಮಾತ್ರ ತಿಂಗಳುಗಟ್ಟಲೆ ಒಂದು ಟ್ರೇಯಲ್ಲಿ ಸಹಿಗೆ ಕಾದು ಕೂತು ಅವನ ಕೈಗೇ ವಾಪಸು ಬಂದಿತ್ತು. ಕೇಳಿದರೆ ದೊಡ್ಡವರು ಏನೆಂದುಕೊಳ್ಳುತ್ತಾರೋ ಎಂದು ಇವನೂ ಕೇಳಿರಲಿಲ್ಲ. ಅಷ್ಟರಲ್ಲಿ 27 ತುಂಬಿತ್ತು. ಫೈಲನ್ನು ಎರಡು ಸಲ ತಿರುವಿ ನೋಡಿದೆ. ಹೇಳಲು ನನ್ನಲ್ಲೇನೂ ಉಳಿದಿರಲಿಲ್ಲ. ಅವನು ಸೆಲ್ಯೂಟ್ ಹೊಡೆದು ಹೋದ.

ಅವತ್ತಿನಿಂದ ಎದುರಿಗೆ ಬಂದ ಪ್ರತಿ ಹುಡುಗನಿಗೂ ಎರಡೇ ಮಾತು ಹೇಳುತ್ತ ಬಂದಿದ್ದೇನೆ. ಅಕಾಡೆಮಿಯ ದಾರಿ ನಿಮ್ಮ ಯೂನಿಟ್ಟಿನ ಆಫೀಸಿನ ಮೂಲಕವೇ ಹೋಗುತ್ತದೆ. ವಯಸ್ಸು ಯಾರ ಸಹಿಗೂ ಕಾಯುವುದಿಲ್ಲ. ಕೆಳಗಿರುವುದೆಲ್ಲ ಈ ಎರಡು ಮಾತಿನ ವಿವರ.

ಮೊದಲು ನಿಮ್ಮ ದಾರಿ ಯಾವುದು ತಿಳಿಯಿರಿ

1. ಎಸಿಸಿ, ಅಂದರೆ ಆರ್ಮಿ ಕೆಡೆಟ್ ಕಾಲೇಜು. ಸೇವೆಯಲ್ಲಿರುವ ಸೈನಿಕರಿಗೆಂದೇ ಕಟ್ಟಿದ ದಾರಿ ಇದು. ಹೆಸರಿನಲ್ಲಿ ಆರ್ಮಿ ಇದ್ದರೂ ವಾಯುಪಡೆ, ನೌಕಾಪಡೆಯ ಹುಡುಗರಿಗೂ ತೆರೆದಿದೆ. ವಯಸ್ಸು 20ರಿಂದ 27. ಕನಿಷ್ಠ 2 ವರ್ಷ ಸೇವೆ ಆಗಿರಬೇಕು, ದ್ವಿತೀಯ ಪಿಯುಸಿ ಅಥವಾ ಅದಕ್ಕೆ ಸಮನಾದ ಪರೀಕ್ಷೆ ಪಾಸಾಗಿರಬೇಕು. ಮೊದಲು ಲಿಖಿತ ಪರೀಕ್ಷೆ, ಆಮೇಲೆ ಎಸ್‌ಎಸ್‌ಬಿ, ಅಂದರೆ ಆಯ್ಕೆ ಮಂಡಳಿ, ಆಮೇಲೆ ವೈದ್ಯಕೀಯ. ಆಯ್ಕೆಯಾದರೆ ಡೆಹ್ರಾಡೂನ್‌ನಲ್ಲಿ ಮೂರು ವರ್ಷ ಓದು, ಜೆಎನ್‌ಯು ಪದವಿ, ಬಳಿಕ ಇಂಡಿಯನ್ ಮಿಲಿಟರಿ ಅಕಾಡೆಮಿಯಲ್ಲಿ ಒಂದು ವರ್ಷ. ಹೊರಬರುವಾಗ ನೀವು ಸೇನೆಯ ಲೆಫ್ಟಿನೆಂಟ್.

2. ಎನ್‌ಡಿಎ. ಯುಪಿಎಸ್‌ಸಿ ನಡೆಸುವ ಪರೀಕ್ಷೆ. ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ. ತೀರ ಚಿಕ್ಕ ವಯಸ್ಸಿನಲ್ಲಿ ಭರ್ತಿಯಾದವರಿಗೆ ಮಾತ್ರ ಸಮಯ ಉಳಿದಿರುತ್ತದೆ.

3. ಸಿಡಿಎಸ್. ಇದೂ ಯುಪಿಎಸ್‌ಸಿಯದೇ, ಪದವೀಧರರಿಗೆ. ಡೆಹ್ರಾಡೂನ್‌ನ ಐಎಂಎ, ಕೇರಳದ ಎಳಿಮಲದ ನೌಕಾ ಅಕಾಡೆಮಿ, ಹೈದರಾಬಾದ್ ಬಳಿಯ ದುಂಡಿಗಲ್‌ನ ವಾಯುಪಡೆ ಅಕಾಡೆಮಿ, ಚೆನ್ನೈನ ಓಟಿಎ ಈ ನಾಲ್ಕಕ್ಕೂ ಇದೇ ಬಾಗಿಲು. ಐಎಂಎ, ಓಟಿಎಗೆ ಯಾವ ಪದವಿಯಾದರೂ ನಡೆಯುತ್ತದೆ. ಎಳಿಮಲಕ್ಕೆ ಎಂಜಿನಿಯರಿಂಗ್ ಬೇಕು. ದುಂಡಿಗಲ್‌ಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿ ಪದವಿ ಮುಗಿಸಿರಬೇಕು, ಇಲ್ಲವೇ ಎಂಜಿನಿಯರಿಂಗ್ ಆಗಿರಬೇಕು.

4. ಎಎಫ್‌ಕ್ಯಾಟ್. ವಾಯುಪಡೆ ತಾನೇ ವರ್ಷಕ್ಕೆ ಎರಡು ಸಲ ನಡೆಸುವ ಪರೀಕ್ಷೆ. ಹಾರಾಟದ ಶಾಖೆಗೆ ವಯಸ್ಸು 20ರಿಂದ 24, ನೆಲದ ಶಾಖೆಗಳಿಗೆ 20ರಿಂದ 26. ಪದವಿ ಬೇಕು.

ಮಹಿಳಾ ಅಭ್ಯರ್ಥಿಗಳಿಗೆ ಎಎಫ್‌ಕ್ಯಾಟ್, ಸಿಡಿಎಸ್ ಮೂಲಕ ಚೆನ್ನೈ ಓಟಿಎ, 2022ರಿಂದ ಎನ್‌ಡಿಎ ಕೂಡ ತೆರೆದಿವೆ. ಎನ್‌ಡಿಎಯ ಮೊದಲ ಮಹಿಳಾ ತಂಡ 2025ರ ಮೇ ತಿಂಗಳಲ್ಲಿ ಕವಾಯತು ಮುಗಿಸಿ ಹೊರಬಂತು. ವಾಯುಪಡೆಗೆ ಸೇರಿರುವ ನಮ್ಮ ಹೆಣ್ಣುಮಕ್ಕಳು ಇದು ಗಂಡುಹುಡುಗರ ಸೂಚನೆ ಎಂದುಕೊಂಡು ಮುಂದೆ ಹೋಗಬೇಡಿ.

ಎಸಿಸಿ ನಿನ್ನೆ ಮೊನ್ನೆಯದಲ್ಲ. 1929ರಲ್ಲಿ ನೌಗಾಂಗ್‌ನಲ್ಲಿ ಕಿಚನರ್ ಕಾಲೇಜೆಂದು ಶುರುವಾದ ಸಂಸ್ಥೆಯೇ 1960ರಲ್ಲಿ ಪುಣೆಯಲ್ಲಿ ಆರ್ಮಿ ಕೆಡೆಟ್ ಕಾಲೇಜು ಆಯಿತು. ಆಗ ಸೇನಾ ಮುಖ್ಯಸ್ಥರಾಗಿದ್ದವರು ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ. 1977ರಲ್ಲಿ ಕಾಲೇಜು ಡೆಹ್ರಾಡೂನ್‌ಗೆ ಬಂತು. ಅರವತ್ತು ವರ್ಷಕ್ಕೂ ಮಿಕ್ಕಿ ಈ ಬಾಗಿಲಿನಿಂದ ಸಿಪಾಯಿಗಳು ಒಳಗೆ ಹೋಗಿ ಅಧಿಕಾರಿಗಳಾಗಿ ಬಂದಿದ್ದಾರೆ. ನೀವು ಯಾರ ದಯೆಯನ್ನೂ ಬೇಡುತ್ತಿಲ್ಲ.

ವಯಸ್ಸು, ಅರ್ಹತೆ

ಮಾಡಬೇಕಾದ್ದು

1. ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡಿನಲ್ಲಿರುವ ಹುಟ್ಟಿದ ದಿನಾಂಕವನ್ನೇ ಲೆಕ್ಕಕ್ಕೆ ಹಿಡಿಯಿರಿ. ಯುಪಿಎಸ್‌ಸಿ ಒಪ್ಪುವುದು ಅದನ್ನೇ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಎಂದು ಬರೆದಿದ್ದರೆ ನಿಮ್ಮ ಪಾಲಿಗೆ ಅದೇ ಹುಟ್ಟುಹಬ್ಬ. ಅವ್ವ ನೆನಪಿಟ್ಟ ಕಾರ್ತಿಕದ ಹುಣ್ಣಿಮೆ ಇಲ್ಲಿ ಸಾಕ್ಷಿಗೆ ಬರುವುದಿಲ್ಲ.

2. ನಾಲ್ಕು ದಾರಿಗೂ ನಿಮ್ಮ ವಯಸ್ಸು ಎಂದು ಮುಗಿಯುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದಿಡಿ. 19ಕ್ಕೆ ಭರ್ತಿಯಾದವನಿಗೆ 21ಕ್ಕೆ ಎರಡು ವರ್ಷದ ಸೇವೆ ತುಂಬುತ್ತದೆ. 27ರವರೆಗೆ ಆರು ವರ್ಷ ಸಿಕ್ಕಂತೆ ಕಾಣುತ್ತದೆ. ಅದರಲ್ಲಿ ಒಂದು ಪೋಸ್ಟಿಂಗ್, ಒಂದೆರಡು ಕೋರ್ಸು, ಊರಲ್ಲೊಂದು ಮನೆ ಕಟ್ಟಿಸುವುದು, ತಂಗಿಯ ಮದುವೆ ಕಳೆಯಿರಿ. ಕೈಗೆ ಉಳಿಯುವುದು ಎರಡು ವರ್ಷ.

3. ಪದವಿ ಇಲ್ಲದಿದ್ದರೆ ಇಗ್ನೋದಂಥ ಮಾನ್ಯತೆ ಇರುವ ವಿಶ್ವವಿದ್ಯಾಲಯದಲ್ಲಿ ದೂರಶಿಕ್ಷಣಕ್ಕೆ ಈ ವರ್ಷವೇ ಸೇರಿ. ಎಸಿಸಿ ಕೈತಪ್ಪಿದರೂ ಸಿಡಿಎಸ್, ಎಎಫ್‌ಕ್ಯಾಟ್ ಬಾಗಿಲು ಅದರಿಂದ ತೆರೆಯುತ್ತದೆ.

4. ಅಗ್ನಿವೀರ್‌ವಾಯು ಆಗಿ ಬಂದವರು ನಿಮ್ಮ ನಾಲ್ಕು ವರ್ಷದ ಕರಾರು ಪತ್ರವನ್ನು ಪೂರ್ತಿ ಓದಿ. ಹಿಂದಿನ ಭರ್ತಿಯ ಕಾರ್ಪೊರಲ್‌ಗೆ ಇರುವ ನಿಯಮ ನಿಮಗೂ ಇದೆ ಎಂದು ಊಹಿಸಬೇಡಿ. ಪ್ರತಿ ಅಧಿಸೂಚನೆಯಲ್ಲೂ ನಿಮ್ಮ ವರ್ಗದ ಹೆಸರು ಇದೆಯೇ ಎಂದು ನೋಡಿಯೇ ಮುಂದುವರಿಯಿರಿ.

ಮಾಡಬಾರದ್ದು

1. ಎನ್‌ಡಿಎಗೆ ಅಥವಾ ಸಿಡಿಎಸ್‌ನ ಐಎಂಎ ದಾರಿಗೆ ಪ್ರಯತ್ನಿಸುತ್ತಿದ್ದರೆ ಮದುವೆಯ ಮಾತಿಗೆ ಒಪ್ಪಬೇಡಿ. ಅವಿವಾಹಿತರಾಗಿರಬೇಕು, ತರಬೇತಿ ಮುಗಿಯುವವರೆಗೂ ಮದುವೆಯಾಗಬಾರದು ಎಂಬುದು ಷರತ್ತು. ಮನೆಯಲ್ಲಿ ಹೆಣ್ಣು ನೋಡಲು ಹೊರಡುವ ಮೊದಲೇ ಅಪ್ಪನಿಗೆ ಇದನ್ನು ಬಿಡಿಸಿ ಹೇಳಿ.

2. ವಯಸ್ಸು ಕಡಿಮೆ ಮಾಡಿಸುವ ಯಾವ ಅಫಿಡವಿಟ್ಟಿಗೂ ಸಹಿ ಹಾಕಬೇಡಿ. ಅರ್ಜಿ ತಿರಸ್ಕಾರವಾಗುವುದಷ್ಟೇ ಅಲ್ಲ, ಕೈಯಲ್ಲಿರುವ ನೌಕರಿಗೂ ಕುತ್ತು ಬರುತ್ತದೆ.

3. “ಮುಂದಿನ ಕೋರ್ಸಿಗೆ ನೋಡೋಣ” ಎನ್ನಬೇಡಿ. ಆ ಹಾವೇರಿ ಹುಡುಗನೂ ಅದನ್ನೇ ಅಂದಿದ್ದ.

ಕಾಗದ ಪತ್ರ, ಅರ್ಜಿ

ಮಾಡಬೇಕಾದ್ದು

1. ಎಸ್ಸೆಸ್ಸೆಲ್ಸಿ ಕಾರ್ಡು, ಪಿಯುಸಿ ಕಾರ್ಡು, ಆಧಾರ್, ಸರ್ವಿಸ್ ಐಡೆಂಟಿಟಿ ಕಾರ್ಡು ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಹೆಸರನ್ನು ಅಕ್ಷರ ಅಕ್ಷರವಾಗಿ ಹೋಲಿಸಿ. ನಮ್ಮ ಕಡೆಯ ಹುಡುಗರು ಸಿಕ್ಕಿಬೀಳುವುದು ಇಲ್ಲೇ. ಒಂದರಲ್ಲಿ ಬರೀ ಇನಿಶಿಯಲ್, ಇನ್ನೊಂದರಲ್ಲಿ ಅಪ್ಪನ ಪೂರ್ತಿ ಹೆಸರು, ಮತ್ತೊಂದರಲ್ಲಿ ಊರಿನ ಹೆಸರು. ಹನುಮಂತಪ್ಪ ಒಂದು ಕಡೆ ಹಣಮಂತಪ್ಪ ಆಗಿರುತ್ತಾನೆ. ವ್ಯತ್ಯಾಸ ಕಂಡ ದಿನವೇ ಸರಿಪಡಿಸಲು ಬರೆದುಕೊಡಿ. ಈ ಕೆಲಸಕ್ಕೆ ತಿಂಗಳುಗಳು ಹಿಡಿಯುತ್ತವೆ.

2. ಎಸಿಸಿ ಅರ್ಜಿಯನ್ನು ಯೂನಿಟ್ ಮೂಲಕವೇ, ಕಮಾಂಡಿಂಗ್ ಆಫೀಸರ್ ಶಿಫಾರಸಿನೊಂದಿಗೆ ಕಳಿಸಿ. ಅರ್ಜಿಗೆ ಬೇರೆ ದಾರಿ ಇಲ್ಲ.

3. ಸಿಡಿಎಸ್‌ಗೆ ನೀವೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಆದರೆ ಅರ್ಜಿ ಹಾಕಿರುವುದನ್ನು ಕಮಾಂಡಿಂಗ್ ಆಫೀಸರಿಗೆ ಲಿಖಿತವಾಗಿ ತಿಳಿಸಿದ್ದೇನೆ ಎಂದು ಮುಚ್ಚಳಿಕೆ ಕೊಡಬೇಕು. ಮೊದಲು ಪತ್ರ ಕೊಡಿ, ಅದರ ಪ್ರತಿಯ ಮೇಲೆ ಸ್ವೀಕೃತಿ ಸಹಿ, ತಾರೀಕು ಹಾಕಿಸಿಕೊಳ್ಳಿ, ಆಮೇಲೆ ಮುಚ್ಚಳಿಕೆಗೆ ಸಹಿ ಹಾಕಿ.

4. ಅರ್ಜಿ ಎಲ್ಲಿಗೆ ತಲುಪಿದೆ ಎಂದು ವಾರಕ್ಕೊಮ್ಮೆ ವಿಚಾರಿಸಿ. ಸೆಕ್ಷನ್ನಿನ ಸೀನಿಯರ್, ಆಮೇಲೆ ಆರ್ಡರ್ಲಿ ರೂಮ್, ಆಮೇಲೆ ಅಡ್ಜುಟೆಂಟ್, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹೋಗಿ. “ಸರ್, ನನ್ನ ಅರ್ಜಿ ಇಂಥ ತಾರೀಕಿಗೆ ಕೊಟ್ಟಿದ್ದೆ, ಕೊನೆಯ ದಿನ ಇಂಥದ್ದು” ಎಂದು ಕೇಳುವುದರಲ್ಲಿ ಅವಿಧೇಯತೆ ಇಲ್ಲ. ಕೇಳದೆ ಕೂತ ಅರ್ಜಿಗೆ ಧೂಳು ಹಿಡಿಯುತ್ತದೆ.

5. ಸ್ಟೇಷನ್ನಿನ ರೂಟೀನ್ ಆರ್ಡರ್ ದಿನವೂ ಓದಿ. ಯುಪಿಎಸ್‌ಸಿ ವರ್ಷದ ಪರೀಕ್ಷಾ ಪಟ್ಟಿಯನ್ನು ಮುಂಚೆಯೇ ಪ್ರಕಟಿಸುತ್ತದೆ. ಎನ್‌ಡಿಎ, ಸಿಡಿಎಸ್ ಎರಡೂ ವರ್ಷಕ್ಕೆ ಎರಡು ಸಲ ಬರುತ್ತವೆ. ಪರೀಕ್ಷಾ ಕೇಂದ್ರಗಳಲ್ಲಿ ಮೊದಲು ಅರ್ಜಿ ಹಾಕಿದವರಿಗೆ ಮೊದಲು ಜಾಗ. ಕೊನೆಯ ದಿನದವರೆಗೆ ಕಾದವರು ದೂರದ ಊರಿಗೆ ಹೋಗಿ ಬರೆಯಬೇಕಾಗುತ್ತದೆ.

ಮಾಡಬಾರದ್ದು

1. ಯೂನಿಟ್ಟಿಗೆ ತಿಳಿಸದೆ ಗುಟ್ಟಾಗಿ ಪರೀಕ್ಷೆ ಬರೆಯಬೇಡಿ. ಅನುಮತಿ ಇಲ್ಲವೆಂದು ಯೂನಿಟ್ಟಿನಿಂದ ಒಂದು ಪತ್ರ ಹೋದರೆ ಯುಪಿಎಸ್‌ಸಿ ನಿಮ್ಮ ಅಭ್ಯರ್ಥಿತನವನ್ನೇ ರದ್ದು ಮಾಡಬಹುದು. ಪಾಸಾದ ಮೇಲೆ ಹಾಗಾದರೆ ದುಃಖ ದೊಡ್ಡದು.

2. ಮೇಲಿನವರ ಮೇಲೆ ಸಿಟ್ಟು ಬಂದು ಶಾಸಕರಿಂದ, ಸಂಬಂಧಿಕ ಅಧಿಕಾರಿಯಿಂದ ಫೋನ್ ಮಾಡಿಸಬೇಡಿ. ಒಂದು ಫೋನು ನಿಮ್ಮ ಹತ್ತು ವರ್ಷದ ಒಳ್ಳೆಯ ಹೆಸರನ್ನು ಅಳಿಸುತ್ತದೆ.

3. ರೆಡ್ ಇಂಕ್ ಎಂಟ್ರಿ ತಂದುಕೊಳ್ಳಬೇಡಿ. ಗೇಟ್‌ಪಾಸ್ ಇಲ್ಲದೆ ಒಂದು ರಾತ್ರಿ ಕೊಯಮತ್ತೂರಿನಲ್ಲಿ ಉಳಿದದ್ದು, ರಜೆ ಮುಗಿದರೂ ಎರಡು ದಿನ ತಡವಾಗಿ ಬಂದದ್ದು, ಕ್ಯಾಂಟೀನ್ ಮದ್ಯ ಹೊರಗೆ ಮಾರಿದ್ದು ಎಲ್ಲವೂ ನಿಮ್ಮ ದಾಖಲೆಯಲ್ಲಿ ಕೂರುತ್ತವೆ. ಶಿಫಾರಸು ಬರೆಯುವವರು ಮೊದಲು ತೆರೆಯುವುದು ಅದನ್ನೇ.

4. ಅರ್ಜಿಯ ಫೋಟೊವನ್ನು ಫ್ಲೈಟ್‌ಲೈನಿನಲ್ಲಿ ನಿಂತು ತೆಗೆಯಬೇಡಿ. ಸೂಲೂರು ತೇಜಸ್ ಹಾರುವ ನೆಲ. ನಿಮ್ಮ ಹಿಂದೆ ಕಾಣುವ ವಿಮಾನ, ಹ್ಯಾಂಗರ್ ಯಾರ ವಾಟ್ಸಾಪಿಗೂ ಹೋಗಬಾರದು. ಪೇಟೆಯ ಸ್ಟುಡಿಯೋದಲ್ಲಿ ತೆಗೆಸಿ.

ಓದು, ಲಿಖಿತ ಪರೀಕ್ಷೆ

ಮಾಡಬೇಕಾದ್ದು

1. ದಿನಕ್ಕೆ ಎರಡು ಗಂಟೆ ಕಟ್ಟಿಟ್ಟುಕೊಳ್ಳಿ. ಬೆಳಗಿನ ಶಿಫ್ಟಾದರೆ ಸಂಜೆ, ರಾತ್ರಿ ಡ್ಯೂಟಿಯಾದರೆ ನಿದ್ದೆ ಮುಗಿದ ಮೇಲೆ. ಗಾರ್ಡ್ ಡ್ಯೂಟಿ ಇರುವ ದಿನ ಅರ್ಧ ಗಂಟೆ ಸಿಕ್ಕರೂ ಸಾಕು, ಸೊನ್ನೆ ಆಗಬಾರದು.

2. ಇಂಗ್ಲಿಷನ್ನು ಮೊದಲು ಹಿಡಿಯಿರಿ. ನಮ್ಮ ಹುಡುಗ ಮನೆಗೆ ಫೋನಿನಲ್ಲಿ ಕನ್ನಡ, ಕೆಲಸದಲ್ಲಿ ಹಿಂದಿ, ಅಂಗಡಿಯಲ್ಲಿ ತಮಿಳು ಆಡುತ್ತಾನೆ. ಮೂರು ಭಾಷೆ ಹೊರುವ ನಾಲಗೆಗೆ ನಾಲ್ಕನೆಯದು ಭಾರವಲ್ಲ. ದಿನವೂ ಪೇಪರಿನ ಒಂದು ಲೇಖನ ಗಟ್ಟಿಯಾಗಿ ಓದಿ, ಪೇಪರ್ ಮಡಚಿಟ್ಟು ಅದರ ಸಾರವನ್ನು ಹತ್ತು ಸಾಲಿನಲ್ಲಿ ಬರೆಯಿರಿ.

3. ಸಿಡಿಎಸ್‌ನಲ್ಲಿ ಇಂಗ್ಲಿಷ್, ಸಾಮಾನ್ಯ ಜ್ಞಾನ, ಗಣಿತ ತಲಾ 100 ಅಂಕ. ಓಟಿಎಗೆ ಗಣಿತ ಇಲ್ಲ. ಎನ್‌ಡಿಎಯಲ್ಲಿ ಗಣಿತಕ್ಕೆ 300, ಸಾಮಾನ್ಯ ಸಾಮರ್ಥ್ಯ ಪರೀಕ್ಷೆಗೆ 600, ಎಸ್‌ಎಸ್‌ಬಿಗೆ 900. ಯಾವ ಪತ್ರಿಕೆಯಲ್ಲಿ ನೀವು ಹಿಂದಿದ್ದೀರೋ ಅದಕ್ಕೆ ಹೆಚ್ಚು ದಿನ ಕೊಡಿ.

4. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿ. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಕಡಿತವಾಗುತ್ತದೆ.

ಮಾಡಬಾರದ್ದು

1. ಗೊತ್ತಿಲ್ಲದ್ದಕ್ಕೆ ಕಣ್ಣುಮುಚ್ಚಿ ಗೀಟು ಎಳೆಯಬೇಡಿ. ಖಾಲಿ ಬಿಟ್ಟ ಪ್ರಶ್ನೆ ಏನೂ ಕಸಿಯುವುದಿಲ್ಲ.

2. ಡ್ಯೂಟಿಯ ಹೊತ್ತಿನಲ್ಲಿ ಕದ್ದು ಓದಬೇಡಿ. ವಿಮಾನದ ಕೆಲಸದಲ್ಲಿ ಅರ್ಧ ಮನಸ್ಸಿಗೆ ಜಾಗವಿಲ್ಲ. ನೀವು ಬಿಗಿಯಬೇಕಿದ್ದ ನಟ್ಟಿನ ಮೇಲೆ ಬೇರೆ ಯಾರದೋ ಪ್ರಾಣ ನಿಂತಿರುತ್ತದೆ.

3. “ನಾನು ಸಾಧಾರಣ ವಿದ್ಯಾರ್ಥಿ, ನನ್ನಿಂದ ಆಗದು” ಎನ್ನಬೇಡಿ. ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್ ಅವರನ್ನು ನೆನೆಯಿರಿ. 2020ರ ಅಕ್ಟೋಬರ್ 12ರಂದು ಹಾರಾಟದ ನಡುವೆ ಅವರ ತೇಜಸ್ ಹತೋಟಿ ತಪ್ಪಿತು. ಅವರು ಜಿಗಿದು ಪಾರಾಗದೆ ವಿಮಾನವನ್ನು ಕ್ಷೇಮವಾಗಿ ಇಳಿಸಿದರು. ಅದಕ್ಕೆ ಶೌರ್ಯ ಚಕ್ರ ಬಂತು. ಗೌರವ ಸಿಕ್ಕ ಮೇಲೆ 2021ರ ಸೆಪ್ಟೆಂಬರ್‌ನಲ್ಲಿ ತಾವು ಓದಿದ ಶಾಲೆಗೆ ಒಂದು ಪತ್ರ ಬರೆದರು. ತಾನೂ ಸಾಧಾರಣ ವಿದ್ಯಾರ್ಥಿಯೇ ಆಗಿದ್ದೆ, ಶಾಲೆಯ ಅಂಕದಿಂದ ಮುಂದಿನ ಬದುಕನ್ನು ಅಳೆಯಬೇಡಿ ಎಂಬುದು ಅದರ ಸಾರ. ಅದೇ ವರ್ಷ ಡಿಸೆಂಬರ್ 8ರಂದು ಜನರಲ್ ಬಿಪಿನ್ ರಾವತ್ ಅವರನ್ನು ಕರೆದುಕೊಂಡು ಸೂಲೂರಿನಿಂದಲೇ ಮೇಲೆದ್ದ ಹೆಲಿಕಾಪ್ಟರ್ ಕೂನೂರಿನ ಬಳಿ ಬಿತ್ತು. ಅದರಲ್ಲಿದ್ದ ವರುಣ್ ಸಿಂಗ್ ಡಿಸೆಂಬರ್ 15ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಆ ಪತ್ರವನ್ನು ಹುಡುಕಿ ಓದಿ. ಅದು ನಿಮಗೂ ಬರೆದದ್ದು.

ಎಸ್‌ಎಸ್‌ಬಿ

ನಾಲ್ಕು ದಾರಿಯೂ ಇಲ್ಲಿಗೆ ಬಂದು ಸೇರುತ್ತವೆ. ಸಾಮಾನ್ಯವಾಗಿ ಐದು ದಿನ. ಮೊದಲ ದಿನ ಬುದ್ಧಿಮತ್ತೆಯ ಪರೀಕ್ಷೆ, ಚಿತ್ರ ನೋಡಿ ಕಥೆ ಬರೆದು ಚರ್ಚಿಸುವುದು. ಅಲ್ಲಿ ಉಳಿದವರಿಗೆ ಮನಶ್ಶಾಸ್ತ್ರದ ಪರೀಕ್ಷೆಗಳು, ಮೈದಾನದಲ್ಲಿ ತಂಡದ ಕೆಲಸಗಳು, ಸಂದರ್ಶನ. ಕೊನೆಗೆ ಇಡೀ ಮಂಡಳಿಯ ಎದುರು ಕಾನ್ಫರೆನ್ಸ್. ಸೇನೆಯ ಮಂಡಳಿ ಬೆಂಗಳೂರಿನಲ್ಲಿದೆ, ವಾಯುಪಡೆಯದು ಮೈಸೂರಿನಲ್ಲಿದೆ, ನೌಕಾಪಡೆಯದು ಇಲ್ಲೇ ಕೊಯಮತ್ತೂರಿನಲ್ಲಿದೆ. ಉತ್ತರದ ಊರುಗಳಿಗೂ ಕರೆ ಬರಬಹುದು. ಕಾಲ್‌ಲೆಟರ್‌ನಲ್ಲಿ ಬರೆದದ್ದೇ ಅಂತಿಮ.

ಮಾಡಬೇಕಾದ್ದು

1. ಹಿಂದಿನ ದಿನವೇ ಊರು ತಲುಪಿ. ಮೈಸೂರಿಗೆ ರಸ್ತೆಯಲ್ಲಿ ಹೋಗುವವರು ನೆನಪಿಡಿ: ಸತ್ಯಮಂಗಲ, ಬಣ್ಣಾರಿ ದಾಟಿ ದಿಂಬಂ ಘಾಟಿನಲ್ಲಿ ಹುಲಿ ಸಂರಕ್ಷಿತ ಕಾಡು ಇರುವುದರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ರಾತ್ರಿ ಹೊರಟು ಬೆಳಿಗ್ಗೆ ಮುಟ್ಟುವ ಲೆಕ್ಕ ಹಾಕಬೇಡಿ.

2. ನಿಮ್ಮ ಕೆಲಸವನ್ನೇ ಹೇಳಿ. ಕಾಲೇಜಿನಿಂದ ನೇರ ಬಂದ ಹುಡುಗನ ಬಳಿ ಇಲ್ಲದ ಬಂಡವಾಳ ನಿಮ್ಮ ಬಳಿ ಇದೆ. ಕೆಲಸ ಮುಗಿದ ಮೇಲೆ ಹ್ಯಾಂಗರಿನಲ್ಲಿ ನೀವು ಏನು ಮಾಡುತ್ತೀರಿ? ಟೂಲ್‌ಬೋರ್ಡಿನ ಮುಂದೆ ನಿಂತು ಒಂದೊಂದು ಸ್ಪ್ಯಾನರಿನ ನೆರಳಿನ ಗುರುತಿಗೂ ಅದರದೇ ಸ್ಪ್ಯಾನರ್ ಬಂದು ಕೂತಿದೆಯೇ ಎಂದು ಎಣಿಸುತ್ತೀರಿ. ಒಂದು ಗುರುತು ಖಾಲಿ ಇದ್ದರೆ ಮನೆಗೆ ಹೋಗುವುದಿಲ್ಲ, ವಿಮಾನವನ್ನೂ ಬಿಡುವುದಿಲ್ಲ. ಎಣಿಕೆ ಸರಿಯಾದ ಮೇಲೆ ಫಾರ್ಮ್ 700ರಲ್ಲಿ ನಿಮ್ಮ ಹೆಸರಿಗೆ ಸಹಿ ಹಾಕುತ್ತೀರಿ. ಆ ಸಹಿಯ ಅರ್ಥ ನಿಮಗೆ ಗೊತ್ತು. ಮಂಡಳಿ ಹುಡುಕುವ ಜವಾಬ್ದಾರಿ ಅದೇ. ಅದನ್ನು ನೇರ ಮಾತಿನಲ್ಲಿ ಹೇಳಿ.

3. ಪದಕ್ಕೆ ಪ್ರತಿಕ್ರಿಯೆ ಬರೆಯುವ ಪರೀಕ್ಷೆಯಲ್ಲಿ 60 ಪದ, ಒಂದೊಂದಕ್ಕೆ 15 ಸೆಕೆಂಡು. ಸನ್ನಿವೇಶಗಳು 60, ಒಟ್ಟು 30 ನಿಮಿಷ. ಕೈ ಓಡುವಂತೆ ಮನೆಯಲ್ಲೇ ಅಭ್ಯಾಸ ಮಾಡಿ. ಉತ್ತರ ಮಾತ್ರ ನಿಮ್ಮದೇ ಇರಲಿ.

4. ಗುಂಪಿನಲ್ಲಿ ಕೇಳಿಸಿಕೊಳ್ಳಿ. ಹಲಗೆ, ಹಗ್ಗ, ಡ್ರಮ್ಮು ಕೊಟ್ಟು ಕಂದಕ ದಾಟಿ ಎಂದಾಗ ಹೊರೆ ಎತ್ತಿಕೊಡಲು ಮೊದಲು ಮುಂದಾಗಿ. ಉಪಾಯ ಹೊಳೆದರೆ ಹೇಳಿ, ಬೇರೆಯವರದು ಮೇಲಾಗಿದ್ದರೆ ಅದಕ್ಕೇ ಹೆಗಲು ಕೊಡಿ.

5. ನಿಮ್ಮ ಮನೆ, ಊರು, ಅಪ್ಪನ ಕೆಲಸ ಕೇಳಿದಾಗ ತಲೆ ಎತ್ತಿ ಹೇಳಿ. ಅಪ್ಪ ಮಗ್ಗ ನೇಯುತ್ತಾರೆ, ಅವ್ವ ಬನಿಯನ್ ಕಾರ್ಖಾನೆಗೆ ಹೋಗುತ್ತಾರೆ ಎಂಬ ಮಾತಿನಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ.

ಮಾಡಬಾರದ್ದು

1. ಬಾಯಿಪಾಠ ಮಾಡಿದ ಕಥೆ, ಬಾಯಿಪಾಠ ಮಾಡಿದ ಉತ್ತರ ಒಪ್ಪಿಸಬೇಡಿ. ಮನಶ್ಶಾಸ್ತ್ರಜ್ಞರು, ಮೈದಾನದ ಅಧಿಕಾರಿ, ಸಂದರ್ಶಕರು ಮೂವರೂ ಬೇರೆ ಬೇರೆಯಾಗಿ ನಿಮ್ಮನ್ನು ನೋಡುತ್ತಾರೆ. ಎರವಲು ಮುಖ ಮೂರು ಕಡೆ ಒಂದೇ ತರಹ ಕೂರುವುದಿಲ್ಲ.

2. ಪ್ರತಿ ಮಾತಿಗೂ ಅಟೆನ್ಶನ್‌ನಲ್ಲಿ ನಿಂತು “ಯೆಸ್ ಸರ್” ಎನ್ನುತ್ತ ಕೂರಬೇಡಿ. ಏರ್‌ಮನ್ ಆಗಿ ಆಜ್ಞೆ ಪಾಲಿಸುವುದು ನಿಮಗೆ ಕರಗತ. ಇಲ್ಲಿ ನಿಮ್ಮ ಸ್ವಂತ ಅಭಿಪ್ರಾಯ ಕೇಳುತ್ತಾರೆ. ಗೌರವ ಬಿಡದೆ ಭಿನ್ನವಾಗಿ ಯೋಚಿಸಿದ್ದನ್ನು ಹೇಳಲು ಕಲಿಯಿರಿ. ಸೇವೆಯಿಂದ ಹೋದ ಹುಡುಗರಲ್ಲಿ ಹೆಚ್ಚಿನವರು ಎಡವುವುದನ್ನು ನಾನು ಕಂಡದ್ದು ಇಲ್ಲಿಯೇ.

3. ಸಿವಿಲ್ ಹುಡುಗರ ಮುಂದೆ ಸೇವೆಯ ಜಂಬ ತೋರಿಸಬೇಡಿ. ಅವರ ಇಂಗ್ಲಿಷ್ ಕೇಳಿ ಕುಗ್ಗಲೂಬೇಡಿ.

4. ಹಣ ಕೊಟ್ಟರೆ ಮಾಡಿಸಿಕೊಡುತ್ತೇನೆ ಎನ್ನುವವನ ಜೊತೆ ಒಂದು ಕಪ್ ಕಾಫಿಯನ್ನೂ ಕುಡಿಯಬೇಡಿ. 2021ರ ಮಾರ್ಚ್‌ನಲ್ಲಿ ಎಸ್‌ಎಸ್‌ಬಿ ಆಯ್ಕೆಯ ಲಂಚದ ಆರೋಪದ ಮೇಲೆ ಸಿಬಿಐ ಪ್ರಕರಣ ದಾಖಲಿಸಿತು, ಸೇವೆಯಲ್ಲಿದ್ದ ಅಧಿಕಾರಿಗಳ ಹೆಸರೂ ಅದರಲ್ಲಿ ಬಂದವು. ಅಪ್ಪನ ಎರಡು ಎಕರೆ ಮಾರಿದ ಹಣ ಇಂಥವರ ಕೈಗೆ ಹೋಗಬಾರದು.

ದೇಹ, ವೈದ್ಯಕೀಯ

ಮಾಡಬೇಕಾದ್ದು

1. ಅರ್ಜಿ ಹಾಕುವ ಮೊದಲೇ ತೂಕ, ಕಣ್ಣು, ಕಿವಿ, ಹಲ್ಲು ನೋಡಿಸಿಕೊಳ್ಳಿ. ಕಿವಿಯಲ್ಲಿ ಗುಗ್ಗೆ ಕಟ್ಟಿಕೊಂಡದ್ದು, ಹಲ್ಲು ಹುಳುಕಾದದ್ದು, ತೂಕ ನಾಲ್ಕು ಕಿಲೋ ಏರಿದ್ದು ಮೂರು ತಿಂಗಳಲ್ಲಿ ಸರಿಮಾಡಿಕೊಳ್ಳಬಹುದಾದ ವಿಷಯಗಳು. ಮಂಡಳಿಯ ಮುಂದೆ ನಿಂತಾಗ ಅವೇ ಗೋಡೆಯಾಗುತ್ತವೆ.

2. ವೈದ್ಯಕೀಯ ಮಂಡಳಿ ಅನ್‌ಫಿಟ್ ಎಂದರೆ ಅಳುತ್ತ ರೈಲು ಹತ್ತಬೇಡಿ. ಅಪೀಲು ಮಂಡಳಿಗೆ ಹೋಗಲು 42 ದಿನ ಇರುತ್ತದೆ. ಎಲ್ಲಿ, ಯಾವಾಗ, ಯಾವ ಕಾಗದ ಬೇಕು ಎಂದು ಅಲ್ಲೇ ಕೇಳಿ ಬರೆದುಕೊಳ್ಳಿ.

3. ಓಟ ಬಿಡಬೇಡಿ. ಎಂಟು ಗಂಟೆಗೆಲ್ಲ ರನ್‌ವೇ ಕಡೆಯಿಂದ ಕಾವು ಏಳುತ್ತದೆ. ಸೂರ್ಯ ಹುಟ್ಟುವ ಮೊದಲೇ ಓಡಿ ಮುಗಿಸಿ.

ಮಾಡಬಾರದ್ದು

1. ಸಂಬಳ ಬಂತೆಂದು ಹೊಸ ಹಚ್ಚೆ ಹಾಕಿಸಬೇಡಿ. ಮುಂಗೈಯ ಒಳಭಾಗ, ಅಂಗೈಯ ಹಿಂಭಾಗ ಬಿಟ್ಟು ಬೇರೆ ಕಡೆಯ ಹಚ್ಚೆ ಆಯ್ಕೆಗೆ ಅಡ್ಡಿ.

2. ಹಳೆಯ ಗಾಯ, ಶಸ್ತ್ರಚಿಕಿತ್ಸೆ ಮುಚ್ಚಿಡಬೇಡಿ. ಯೂನಿಟ್ಟಿನ ಆಸ್ಪತ್ರೆಯಲ್ಲಿ ನಿಮ್ಮ ದಾಖಲೆ ಇದ್ದೇ ಇದೆ.

3. ಜಿಮ್ಮಿನಲ್ಲಿ ಯಾರೋ ಕೊಟ್ಟ ಪುಡಿ, ಇಂಜೆಕ್ಷನ್ ಮುಟ್ಟಬೇಡಿ. ಮೆಸ್ಸಿನ ಊಟ, ಮೊಟ್ಟೆ, ಬಾಳೆಹಣ್ಣು ಸಾಕು.

ಆಯ್ಕೆಯಾದರೆ, ಆಗದಿದ್ದರೆ

ಮಾಡಬೇಕಾದ್ದು

1. ಎಸಿಸಿಗೆ ಹೋಗುವ ಏರ್‌ಮನ್ ಒಂದು ಮಾತನ್ನು ಮೊದಲೇ ಮನಸ್ಸಿಗೆ ತಂದುಕೊಳ್ಳಿ: ನೀಲಿ ಬಟ್ಟೆ ಕಳಚಬೇಕಾಗುತ್ತದೆ. ಮುಂದಿನದು ಸೇನೆಯ ಹಸಿರು. ನಿಮ್ಮ ಟ್ರೇಡು, ನಿಮ್ಮ ವಿಮಾನ, ರನ್‌ವೇ ಎಲ್ಲ ಹಿಂದೆ ಉಳಿಯುತ್ತವೆ. ಒಂದು ವಾರ ಯೋಚಿಸಿ. ಒಪ್ಪಿದ ಮೇಲೆ ಹಿಂದೆ ನೋಡಬೇಡಿ.

2. ಮನೆಯವರಿಗೆ ಲೆಕ್ಕ ಬಿಡಿಸಿ ಹೇಳಿ. ಎಸಿಸಿಯಾದರೆ ಒಟ್ಟು ನಾಲ್ಕು ವರ್ಷ. ಊರಿನ ಸಾಲದ ಕಂತು, ತಮ್ಮನ ಫೀಸು ಅಷ್ಟು ದಿನ ಯಾರು ನೋಡಿಕೊಳ್ಳುತ್ತಾರೆ ಎಂದು ಹೊರಡುವ ಮೊದಲೇ ತೀರ್ಮಾನವಾಗಲಿ.

3. ಆಯ್ಕೆಯಾಗದಿದ್ದರೆ ಮಾರನೇ ದಿನ ಡ್ಯೂಟಿಗೆ ಮೊದಲಿಗರಾಗಿ ಬನ್ನಿ. ಏನು ತಪ್ಪಿತೆಂದು ಒಂದು ಹಾಳೆಯಲ್ಲಿ ಬರೆಯಿರಿ, ವಯಸ್ಸು ಉಳಿದಿದ್ದರೆ ಮುಂದಿನ ಅರ್ಜಿಯನ್ನು ಆ ವಾರವೇ ತುಂಬಿ.

ಮಾಡಬಾರದ್ದು

1. ಆಯ್ಕೆಯಾದವನು ಬಿಲ್ಲೆಟ್ಟಿನ ಗೆಳೆಯರನ್ನು ಮರೆಯಬೇಡಿ. ನಾಳೆ ನಿಮ್ಮ ಕೈಕೆಳಗೆ ಇರುವವರು ಅಂಥವರೇ. ಅವರ ಚಹಾ, ಅವರ ರಜೆಯ ಕಷ್ಟ, ಅವರ ಮನೆಯ ಪತ್ರ ನಿಮಗೆ ಗೊತ್ತಿರುವಷ್ಟು ಬೇರೆ ಯಾವ ಅಧಿಕಾರಿಗೂ ಗೊತ್ತಿರುವುದಿಲ್ಲ. ನಿಮ್ಮನ್ನು ಅಕಾಡೆಮಿಗೆ ಕಳಿಸುವುದರ ಲಾಭ ಪಡೆಗೆ ಇರುವುದೇ ಇದರಲ್ಲಿ.

2. ಆಯ್ಕೆಯಾಗದವನನ್ನು ಯಾರೂ ಹಂಗಿಸಬೇಡಿ. ಅವನು ಹೋಗಿ ನಿಂತು ಬಂದವನು.

ಸೀನಿಯರ್‌ಗಳಿಗೆ ಒಂದು ಮಾತು

ಅಮೆರಿಕದ ವೆಸ್ಟ್ ಪಾಯಿಂಟ್ ಅಕಾಡೆಮಿಯಲ್ಲೂ ಸಾಮಾನ್ಯ ಸೈನಿಕರಿಗೆಂದೇ ಜಾಗ ಮೀಸಲಿದೆ. ವರ್ಷಕ್ಕೆ ರೆಗ್ಯುಲರ್ ಸೇನೆಯಿಂದ 85, ಮೀಸಲು ಪಡೆಯಿಂದ 85 ಜನರನ್ನು ನಾಮಕರಣ ಮಾಡಬಹುದು. ವಯಸ್ಸಿಗೆ ಅಲ್ಲೂ ಮಿತಿಯಿದೆ, ಮದುವೆಯಾಗಿರಬಾರದು. ಅಲ್ಲಿಯೂ ಮೊದಲು ಬೇಕಾಗುವುದು ಸೈನಿಕನ ಸ್ವಂತ ಕಂಪನಿ ಕಮಾಂಡರ್ ಬರೆದುಕೊಡುವ ಒಪ್ಪಿಗೆ. ಎಲ್ಲ ಕಡೆಯೂ ಹುಡುಗನ ದಾರಿ ಅವನ ಮೇಲಿನವರ ಮೇಜಿನ ಮೇಲಿಂದಲೇ ಹಾದುಹೋಗುತ್ತದೆ.

ಆದ್ದರಿಂದ ಸಾರ್ಜೆಂಟ್‌ಗಳೇ, ವಾರಂಟ್ ಆಫೀಸರ್‌ಗಳೇ, ಹುಡುಗನ ಅರ್ಜಿ ನಿಮ್ಮ ಟ್ರೇಯಲ್ಲಿ ಒಂದು ದಿನಕ್ಕಿಂತ ಹೆಚ್ಚು ಇರಬಾರದು. “ಸಾಹೇಬ ಆಗೋಕೆ ಹೊರಟಿದ್ದಾನೆ” ಎಂದು ನಗಬೇಡಿ. ಪರೀಕ್ಷೆಯ ಹಿಂದಿನ ರಾತ್ರಿ ಅವನಿಗೆ ಗಾರ್ಡ್ ಹಾಕಬೇಡಿ. ನಾನೂ ಒಂದು ಕಾಲಕ್ಕೆ ಯಾರ ಅರ್ಜಿ ಎಲ್ಲಿದೆ ಎಂದು ನಾನಾಗಿಯೇ ವಿಚಾರಿಸಿದವನಲ್ಲ. ಆ ಹುಡುಗ ಬಂದು ನಿಂತ ಮೇಲೆ ಕಲಿತೆ.

ಇವತ್ತೇ ಮಾಡಬೇಕಾದ್ದು

ಡ್ಯೂಟಿ ಮುಗಿಸಿ ಬಿಲ್ಲೆಟ್ಟಿಗೆ ಹೋದಕೂಡಲೇ ಟ್ರಂಕ್ ತೆರೆಯಿರಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡು ತೆಗೆದು ಹುಟ್ಟಿದ ದಿನಾಂಕ ನೋಡಿ. ಅದಕ್ಕೆ 27 ವರ್ಷ ಕೂಡಿಸಿ. ಬಂದ ತಾರೀಕನ್ನು ದೊಡ್ಡ ಅಂಕಿಯಲ್ಲಿ ಬರೆದು ಲಾಕರಿನ ಬಾಗಿಲ ಒಳಮೈಗೆ ಅಂಟಿಸಿ. ನಾಳೆ ಬೆಳಿಗ್ಗೆ ಟೋಪಿ ತೆಗೆದುಕೊಳ್ಳಲು ಬಾಗಿಲು ತೆರೆದಾಗ ಅದು ಕಣ್ಣಿಗೆ ಬೀಳಲಿ. ಟೋಪಿ ಹಾಕಿಕೊಂಡು ನೇರ ಆರ್ಡರ್ಲಿ ರೂಮಿಗೆ ನಡೆಯಿರಿ.